ಮಿದುಳಿನ ಚಿತ್ರವೂ ಮಗುವಿನ ಮಾತೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭ ಸಂದರ್ಭದಲ್ಲಿ ನಾನೂ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಾಹಿತ್ಯವನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನಾದರೋ ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತ ಮೂವತ್ತು ವರ್ಷ ಸೀಮೆಸುಣ್ಣವನ್ನು ಸವೆಸಿದವನು. ಆದುದರಿಂದ ನನಗೆ ತಿಳಿದ ದಾರಿಯಲ್ಲಿಯೇ ನಡೆದು, ನಮ್ಮ ಅನೇಕ ಮನೆಗಳ ಒಳಬಾಗಿಲಿನ ಹಿಂದೆ ಮೌನವಾಗಿ ಅಡಗಿರುವ ಒಂದು ವಿಷಯವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಮಗಳ ಮಗನಿಗೆ ಈಗ ಏಳು ವರ್ಷ. ಅವನು ಸ್ವಲೀನತೆಯುಳ್ಳ ಮಗು. ಆಂಗ್ಲದಲ್ಲಿ ಆಟಿಸಂ ಎನ್ನುವರು. ಇದನ್ನು ಸಭೆಯಲ್ಲಿ ಹೇಳುವುದಕ್ಕೆ ಮೊದಲು ಮಗಳ ಅನುಮತಿಯನ್ನು ಕೇಳಿದೆನು. "ಹೇಳಿ ಅಪ್ಪಾ, ಬಚ್ಚಿಟ್ಟು ನಮಗೆ ಆದ ಲಾಭವೇನು?" ಎಂದಳು. ಆ ಮಾತೇ ನನಗೆ ಧೈರ್ಯವನ್ನು ಕೊಟ್ಟಿದೆ.

ಕಳೆದ ವರ್ಷ ನಮ್ಮ ಬಂಧುಗಳಲ್ಲಿ ಒಬ್ಬರು, ಓದಿದವರೇ, ಮನೆಗೆ ಬಂದು ಹೀಗೆಂದರು: "ಮಾವಾ, ಲಂಡನ್ನಿನಲ್ಲಿ ಅಣಬೆಯ ಸತ್ವವನ್ನು ಕೊಟ್ಟು ಇಂಥವರ ಮಿದುಳಿನ ಚಿತ್ರ ತೆಗೆಯುತ್ತಿದ್ದಾರಂತೆ. ಗಾಂಜಾದ ಎಣ್ಣೆಯನ್ನೂ ಪರೀಕ್ಷೆ ಮಾಡಿದ್ದಾರಂತೆ. ಅಣಬೆ ನಮ್ಮ ಕೊಡೈಕಾನಲ್ ಬೆಟ್ಟದಲ್ಲಿಯೇ ಇದೆ. ಇನ್ನೊಂದು ಎಲ್ಲಿ ಸಿಗುತ್ತದೆ ಎಂಬುದನ್ನು ಈ ಕಣಿವೆಯವರಿಗೆ ನಾನು ಹೇಳಬೇಕೆ? ಹುಡುಗನಿಗೆ ಚಿಟಿಕೆಯಷ್ಟು ಕೊಟ್ಟು ನೋಡಬಾರದೇಕೆ?"

ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಮಗುವಿನ ಮೇಲಿನ ಮಮತೆಯಿಂದಲೇ ಆಡಿದ ಮಾತದು. ಆದರೆ ನನ್ನ ಮಗಳು ಆ ರಾತ್ರಿ ನಿದ್ರೆ ಮಾಡಲಿಲ್ಲ. ಕೈಗೆ ಎಟುಕುವ ಮದ್ದನ್ನು ಕೊಡದೆ ಮಗುವಿಗೆ ಅನ್ಯಾಯ ಮಾಡುತ್ತಿದ್ದೇನೆಯೋ ಎಂಬ ಸಂಶಯ ಅವಳನ್ನು ಹಿಡಿಯಿತು. ಹೀಗಿರಲು, ಆ ಸಂಶೋಧನೆಗಳು ನಿಜವಾಗಿ ಹೇಳುವುದೇನು, ಹೇಳದಿರುವುದೇನು ಎಂಬುದನ್ನು ಕೈಲಾದಷ್ಟು ಓದಿ ತಿಳಿದುಕೊಳ್ಳುವುದು ನನ್ನ ಕರ್ತವ್ಯವಾಯಿತು. ಆ ಓದಿನ ಸಾರವೇ ಇಂದಿನ ಮಾತು.

ಮೊದಲು ಸ್ವಲೀನತೆಯ ವಿಚಾರ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೊ ಕ್ಯಾನರ್ ಎಂಬವರು ಹನ್ನೊಂದು ಮಕ್ಕಳನ್ನು ವರ್ಣಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಜನರೊಡನೆ ಬೆರೆಯುವ ರೀತಿಯಲ್ಲಿ ಭೇದ, ಮಾತಿನಲ್ಲಿ ವಿಳಂಬ ಅಥವಾ ವೈಚಿತ್ರ್ಯ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಟ, ಇವು ಆ ಮಕ್ಕಳಲ್ಲಿ ಕಂಡ ಲಕ್ಷಣಗಳು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಅಂಥದೇ ಮಕ್ಕಳನ್ನು ಕುರಿತು ಬರೆದರು. ಅವರಿಬ್ಬರಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ರಷ್ಯದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಇದೇ ಬಗೆಯ ಬಾಲಕರನ್ನು ವರ್ಣಿಸಿದ್ದರು. ಕ್ಯಾನರರ ಮೊದಲನೆಯ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ ಮುಂದೆ ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಊರವರ ಸ್ನೇಹವನ್ನು ಗಳಿಸಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂಥ ಮಗುವಿಗೆ ಬಾಳಿಲ್ಲವೆನ್ನುವವರು ಈ ಒಂದು ಹೆಸರನ್ನು ನೆನಪಿಡಬೇಕು.

ನಡುವೆ ಒಂದು ದೊಡ್ಡ ಅಪಚಾರವೂ ನಡೆಯಿತು. ತಾಯಿಯ ಎದೆಯಲ್ಲಿ ಪ್ರೀತಿಯ ಬಿಸುಪಿಲ್ಲದಿರುವುದೇ ಇದಕ್ಕೆ ಕಾರಣವೆಂದು ಪಂಡಿತರು ಹಲವು ವರ್ಷ ಬೋಧಿಸಿದರು. ಅದನ್ನು ಸ್ವತಃ ಸ್ವಲೀನತೆಯುಳ್ಳ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಗ್ರಂಥವೊಂದನ್ನು ಬರೆದು ಖಂಡಿಸಿದರು. 1977ರಲ್ಲಿ ಅವಳಿ ಮಕ್ಕಳನ್ನು ಪರೀಕ್ಷಿಸಿದ ಫೋಲ್ಸ್ಟೀನ್ ಮತ್ತು ರಟರ್ ಎಂಬವರು, ಇದರಲ್ಲಿ ಅನುವಂಶೀಯತೆಯ ಪಾತ್ರ ಹಿರಿದೆಂದು ತೋರಿಸಿದರು. ತಾಯಂದಿರೇ, ಈ ಆಪಾದನೆ ಸುಳ್ಳೆಂದು ತೀರ್ಮಾನವಾಗಿ ಅರ್ಧ ಶತಮಾನವೇ ಆಗಿಹೋಯಿತು. ನಮ್ಮ ಕಣಿವೆಯಲ್ಲಿ ಇಂದಿಗೂ ಯಾರಾದರೂ ಅದನ್ನು ಹೇಳಿದರೆ ತಾವು ತಲೆ ತಗ್ಗಿಸಬೇಕಾಗಿಲ್ಲ.

ಇನ್ನು ಮನಸ್ಸಿನ ಮೇಲೆ ಪ್ರಭಾವ ಬೀರುವ ದ್ರವ್ಯಗಳ ವಿಚಾರ. ಇದರ ಕಥೆಯಲ್ಲಿ ನಮ್ಮ ದೇಶದ ಮೂಲಿಕೆಗೂ ಒಂದು ಸ್ಥಾನವುಂಟು. ಸರ್ಪಗಂಧದ ಬೇರನ್ನು ಚಿತ್ತವಿಕಾರಕ್ಕೆ ಕೊಡುತ್ತಿದ್ದುದು ಹಳೆಯ ಪದ್ಧತಿ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬವರು ಅದನ್ನು ವೈದ್ಯಪತ್ರಿಕೆಯಲ್ಲಿ ವರ್ಣಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ರಸಾಯನಜ್ಞರು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದು ಮಿದುಳಿನಲ್ಲಿರುವ ಸೆರೊಟೋನಿನ್ ಮೊದಲಾದ ದ್ರವ್ಯಗಳ ಸಂಗ್ರಹವನ್ನು ಬರಿದುಮಾಡುತ್ತದೆಂದು ಆ ದಶಕದಲ್ಲಿಯೇ ತಿಳಿಯಿತು. ಸೆರೊಟೋನಿನ್ ಎಂಬುದು ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿಯನ್ನು ಒಯ್ಯುವ ಓಲೆಕಾರ. ಚಿತ್ತವು ಕಲಕುವುದರ ಹಿಂದೆ ರಸಾಯನದ ವ್ಯವಹಾರವೂ ಇದೆಯೆಂಬ ಅರಿವಿಗೆ ನಮ್ಮ ಕಾಡಿನ ಒಂದು ಬೇರು ಹೀಗೆ ನೆರವಾಯಿತು.

ಅದೇ ಸ್ವಿಟ್ಜರ್‌ಲೆಂಡಿನಲ್ಲಿ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಜ್ಞರು 1938ರಲ್ಲಿ ಎಲ್.ಎಸ್.ಡಿ. ಎಂಬ ದ್ರವ್ಯವನ್ನು ತಯಾರಿಸಿ, 1943ರಲ್ಲಿ ಅದು ಮನಸ್ಸನ್ನು ತಲೆಕೆಳಗು ಮಾಡುವುದನ್ನು ಸ್ವಾನುಭವದಿಂದ ಕಂಡರು. ಅಣಬೆಯ ಸತ್ವವಾದ ಸಿಲೋಸೈಬಿನ್ನನ್ನು 1958ರಲ್ಲಿ ಬೇರ್ಪಡಿಸಿದವರೂ ಅವರೇ. ಇವೆರಡೂ ಮಿದುಳಿನಲ್ಲಿ ಸೆರೊಟೋನಿನ್ ಕೂಡುವ ಸ್ಥಾನಗಳಿಗೆ ಹೋಗಿ ಕೂಡುತ್ತವೆ. 1961ರಲ್ಲಿ ಸ್ವಲೀನತೆಯುಳ್ಳ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಅಧಿಕವಾಗಿದೆಯೆಂದು ಶೇನ್ ಮತ್ತು ಫ್ರೀಡ್‌ಮನ್ ಎಂಬವರು ವರದಿ ಮಾಡಿದರು. ಹೀಗೆ ಸ್ವಲೀನತೆಗೂ ಈ ದ್ರವ್ಯಗಳಿಗೂ ಗಂಟು ಬಿದ್ದಿತು.

ಆ ಗಂಟಿನಿಂದ ಆದುದೇನು? ನ್ಯೂಯಾರ್ಕಿನ ಕ್ರೀಡ್ಮೂರ್ ಆಸ್ಪತ್ರೆಯಲ್ಲಿ ಲಾರೆಟಾ ಬೆಂಡರ್ ಎಂಬ ವೈದ್ಯೆ 1961ರಿಂದ ಅಂಥ ಮಕ್ಕಳಿಗೆ ಎಲ್.ಎಸ್.ಡಿ.ಯನ್ನು ದಿನವೂ, ವಾರಗಟ್ಟಲೆ, ತಿಂಗಳುಗಟ್ಟಲೆ ಕೊಟ್ಟರು. ಮಕ್ಕಳು ಚುರುಕಾದರೆಂದು ಬರೆದರು. ಆದರೆ ಔಷಧವಿಲ್ಲದೆ ಇದ್ದ ಸಮಾನ ಮಕ್ಕಳೊಡನೆ ಹೋಲಿಸಿ ನೋಡುವ ಕ್ರಮ ಅಲ್ಲಿರಲಿಲ್ಲ. ಮಾತು ಬಾರದ ಮಗುವು 'ಬೇಡ' ಎನ್ನುವುದಾದರೂ ಹೇಗೆ? ಆ ಪ್ರಯೋಗಗಳು ಮುಂದುವರಿಯಲಿಲ್ಲ. ಅವುಗಳಿಂದ ಒಂದು ಚಿಕಿತ್ಸೆಯೂ ಹುಟ್ಟಲಿಲ್ಲ.

ಇನ್ನೊಂದು ದೃಷ್ಟಾಂತವನ್ನು ಕೇಳಿ. ರಕ್ತದಲ್ಲಿ ಸೆರೊಟೋನಿನ್ ಹೆಚ್ಚಾಗಿದ್ದರೆ ಅದನ್ನು ಇಳಿಸಿದರೆ ಸರಿಯಾಗಬಹುದಲ್ಲವೆ ಎಂಬ ತರ್ಕದಿಂದ, 1982ರಲ್ಲಿ ಫೆನ್‌ಫ್ಲುರಮಿನ್ ಎಂಬ ಔಷಧವನ್ನು ಮೂವರು ಬಾಲಕರಿಗೆ ಕೊಟ್ಟು ಆಶಾದಾಯಕವಾದ ವರದಿಯನ್ನು ಪ್ರಕಟಿಸಿದರು. ರಕ್ತದಲ್ಲಿ ಅದು ಇಳಿದದ್ದು ನಿಜ. ಆದರೆ ಹೆಚ್ಚು ಮಕ್ಕಳನ್ನು ಸೇರಿಸಿ ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಆ ಆಸೆ ಉಳಿಯಲಿಲ್ಲ. ಮೇದಸ್ಸನ್ನು ಇಳಿಸುವುದಕ್ಕಾಗಿ ಮಾರಾಟವಾಗುತ್ತಿದ್ದ ಅದೇ ಔಷಧವನ್ನು, ಹೃದಯದ ಕವಾಟಗಳಿಗೆ ಹಾನಿಯಾಗುವುದು ಕಂಡುಬಂದು, 1997ರಲ್ಲಿ ಅಮೆರಿಕದ ಪೇಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ತರ್ಕವು ಅಂದವಾಗಿರುವುದು ಒಂದು, ಮಗುವಿಗೆ ಗುಣವಾಗುವುದು ಇನ್ನೊಂದು.

ಈಗ ಮಿದುಳಿನ ಚಿತ್ರಗಳ ವಿಚಾರಕ್ಕೆ ಬರುತ್ತೇನೆ. ತಲೆಬುರುಡೆಯನ್ನು ತೆರೆಯದೆ ಒಳಗಿನ ವ್ಯಾಪಾರವನ್ನು ನೋಡುವ ಉಪಾಯಗಳಲ್ಲಿ ಎಂ.ಆರ್.ಐ. ಯಂತ್ರವು ಮುಖ್ಯವಾದುದು. ಪ್ರಬಲವಾದ ಕಾಂತದ ನಡುವೆ ಮನುಷ್ಯನನ್ನು ಮಲಗಿಸಿ ಚಿತ್ರವನ್ನು ಪಡೆಯುತ್ತಾರೆ. ರಕ್ತವು ಪ್ರಾಣವಾಯುವನ್ನು ಹೊತ್ತಿರುವಾಗ ಅದರ ಕಾಂತಗುಣ ಒಂದು ಬಗೆ, ಬಿಟ್ಟುಕೊಟ್ಟ ಮೇಲೆ ಇನ್ನೊಂದು ಬಗೆ. ಈ ಭೇದವನ್ನು ಹಿಡಿದು ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯಿತೆಂದು ಕಾಣಬಹುದೆಂಬುದನ್ನು 1990ರಲ್ಲಿ ಸೆಯ್ಜಿ ಒಗಾವಾ ಎಂಬ ಜಪಾನೀ ವಿಜ್ಞಾನಿ ತೋರಿಸಿಕೊಟ್ಟರು.

ನಮ್ಮ ಕಣಿವೆಯವರಿಗೆ ಇದನ್ನು ವಿವರಿಸುವುದು ಸುಲಭ. 1895ರಲ್ಲಿ ಮುಲ್ಲೈಪೆರಿಯಾರಿನ ಅಣೆಕಟ್ಟು ಪ್ರಾರಂಭವಾಗಿ ಪಡುವಣಕ್ಕೆ ಹರಿಯುತ್ತಿದ್ದ ನೀರು ನಮ್ಮ ಹೊಲಗಳಿಗೆ ಬಂದಿತು. ಬೆಟ್ಟದ ಮೇಲೆ ನಿಂತು ನೋಡಿದರೆ ಯಾವ ಕಾಲುವೆ ತುಂಬಿದೆ, ಯಾವುದು ಒಣಗಿದೆ ಎಂಬುದು ಕಾಣುತ್ತದೆ. ತುಂಬಿದ ಕಾಲುವೆಯ ಕಡೆ ಒಕ್ಕಲಿನ ಕೆಲಸ ನಡೆದಿದೆ ಎಂದು ಊಹಿಸಬಹುದು. ಆದರೆ ಆ ಹೊಲದ ಒಕ್ಕಲಿಗನ ಮನಸ್ಸಿನಲ್ಲಿ ಸಂತೋಷವೋ ಸಾಲದ ಚಿಂತೆಯೋ ಎಂಬುದು ಬೆಟ್ಟದ ಮೇಲಿನವನಿಗೆ ಕಾಣುವುದೇ? ಮಿದುಳಿನ ಚಿತ್ರವೂ ಹೀಗೆಯೇ. ಅದು ರಕ್ತದ ಹರಿವಿನ ಚಿತ್ರ, ಮನಸ್ಸಿನ ಭಾವಚಿತ್ರವಲ್ಲ.

ಇನ್ನೊಂದು ಬಗೆಯ ಚಿತ್ರದಲ್ಲಿ ಅತ್ಯಲ್ಪ ವಿಕಿರಣವುಳ್ಳ ದ್ರವ್ಯವನ್ನು ರಕ್ತಕ್ಕೆ ಸೇರಿಸಿ ಅದು ಎಲ್ಲಿ ಹೋಗಿ ನಿಲ್ಲುವುದೆಂದು ನೋಡುತ್ತಾರೆ. ಈ ವಿಧಾನದಿಂದ ಡಯೇನ್ ಚುಗಾನಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1999ರಲ್ಲಿ ಒಂದು ಮಹತ್ವದ ಸಂಗತಿಯನ್ನು ವರದಿ ಮಾಡಿದರು. ಸಾಮಾನ್ಯ ಮಕ್ಕಳ ಮಿದುಳಿನಲ್ಲಿ ಸೆರೊಟೋನಿನ್ನನ್ನು ತಯಾರಿಸುವ ಸಾಮರ್ಥ್ಯ ಐದು ವರ್ಷದವರೆಗೆ ವಯಸ್ಕರದಕ್ಕಿಂತ ಇಮ್ಮಡಿಗೂ ಮಿಗಿಲಾಗಿದ್ದು ಆಮೇಲೆ ಇಳಿಯುತ್ತದೆ. ಸ್ವಲೀನತೆಯುಳ್ಳ ಮಕ್ಕಳಲ್ಲಿ ಆ ಏರಿಳಿತ ಕಾಣದೆ, ಎರಡರಿಂದ ಹದಿನೈದು ವರ್ಷದವರೆಗೆ ಅದು ಮೆಲ್ಲಮೆಲ್ಲನೆ ಏರುತ್ತಿತ್ತು. ಎಂದರೆ ಭೇದವಿರುವುದು ಬರಿಯ ಪ್ರಮಾಣದಲ್ಲಲ್ಲ, ಬೆಳೆವಣಿಗೆಯ ಕಾಲಕ್ರಮದಲ್ಲಿ.

ನಮ್ಮ ಬಂಧು ಹೇಳಿದ ಲಂಡನ್ನಿನ ಪರೀಕ್ಷೆಗಳು ಕಟ್ಟುಕಥೆಯಲ್ಲ. ಅಲ್ಲಿಯ ಕಿಂಗ್ಸ್ ಕಾಲೇಜಿನ ಶಾರ್ಲೆಟ್ ಪ್ರೆಟ್ಷ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 34 ಮಂದಿ ವಯಸ್ಕ ಗಂಡಸರಿದ್ದರು. ಅವರಲ್ಲಿ 17 ಮಂದಿ ಸ್ವಲೀನತೆಯುಳ್ಳವರು, 17 ಮಂದಿ ಅಲ್ಲದವರು. ಗಾಂಜಾ ಗಿಡದಲ್ಲಿರುವ ಕ್ಯಾನಬಿಡಿಯಾಲ್ ಎಂಬ ಅಮಲಿಲ್ಲದ ಸತ್ವವನ್ನು ಶುದ್ಧರೂಪದಲ್ಲಿ 600 ಮಿಲಿಗ್ರಾಂ ಒಂದೇ ಬಾರಿ ಕೊಟ್ಟು, ಇನ್ನೊಂದು ದಿನ ಅದೇ ರೂಪದ ಹುಸಿಮದ್ದನ್ನು ಕೊಟ್ಟು, ಮಿದುಳಿನ ಎರಡು ದ್ರವ್ಯಗಳನ್ನು ಯಂತ್ರದಿಂದ ಅಳೆದರು. ಒಂದು ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್, ಇನ್ನೊಂದು ಶಮನಗೊಳಿಸುವ ಗಾಬಾ. ಗ್ಲುಟಮೇಟಿನ ಮೇಲೆ ಆದ ಪರಿಣಾಮ ಎರಡು ಗುಂಪುಗಳಲ್ಲಿಯೂ ಒಂದೇ ಬಗೆಯದಾಗಿತ್ತು. ಗಾಬಾ ಮಾತ್ರ ಒಂದು ಗುಂಪಿನಲ್ಲಿ ಏರಿತು, ಸ್ವಲೀನತೆಯುಳ್ಳವರಲ್ಲಿ ಇಳಿಯಿತು.

ಮಹನೀಯರೇ, ಈ ಒಂದು ಫಲಿತಾಂಶವನ್ನು ಮನಸ್ಸಿಟ್ಟು ನೋಡಬೇಕು. ಒಂದೇ ತೂಬನ್ನು ತೆರೆದಾಗ ಒಬ್ಬನ ಹೊಲದಲ್ಲಿ ನೀರು ಏರಿತು, ಇನ್ನೊಬ್ಬನ ಹೊಲದಲ್ಲಿ ಇಳಿಯಿತು. ಹಾಗಿದ್ದಮೇಲೆ 'ಪಕ್ಕದ ಮನೆಯವನಿಗೆ ಹಿತವಾಯಿತು, ನಮ್ಮ ಮಗುವಿಗೂ ಕೊಡೋಣ' ಎನ್ನುವುದು ಎಷ್ಟು ಅಪಾಯದ ಮಾತು! ಆ ಪರೀಕ್ಷೆಯು ಗುಣಪಡಿಸುವುದಕ್ಕೆ ಮಾಡಿದುದೂ ಅಲ್ಲ. ಮಿದುಳು ಹೇಗೆ ಪ್ರತಿಕ್ರಿಯಿಸುವುದೆಂದು ತಿಳಿಯಲು ಮಾಡಿದುದು.

ಅಣಬೆಯ ಸತ್ವದ ಪರೀಕ್ಷೆಯೂ ಇದೇ ಜಾತಿಯದು. 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 30 ಮಂದಿ ಆರೋಗ್ಯವಂತರಿಗೆ ಸಿಲೋಸೈಬಿನ್ನನ್ನು ಕೊಟ್ಟು ಚಿತ್ರ ತೆಗೆದಾಗ, ಮಿದುಳಿನ ಕೆಲವು ಕೇಂದ್ರಗಳಲ್ಲಿ ರಕ್ತದ ಹರಿವು ತಗ್ಗಿದುದು ಕಂಡಿತು. ಅನಂತರ ಕಿಂಗ್ಸ್ ಕಾಲೇಜಿನವರು ಸ್ವಲೀನತೆಯುಳ್ಳ ವಯಸ್ಕರಲ್ಲಿಯೂ ಇತರರಲ್ಲಿಯೂ ಅತ್ಯಲ್ಪ ಪ್ರಮಾಣವನ್ನು ಕೊಟ್ಟು ಸೆರೊಟೋನಿನ್ನಿನ ವ್ಯವಸ್ಥೆ ಭಿನ್ನವಾಗಿದೆಯೇ ಎಂದು ನೋಡುವ ಪರೀಕ್ಷೆಯ ವಿಧಾನವನ್ನು 2024ರಲ್ಲಿ ಪ್ರಕಟಿಸಿದರು. ಭಾಗವಹಿಸುವವರು ತಿಳಿದು ಒಪ್ಪಿಗೆ ಕೊಟ್ಟ ವಯಸ್ಕರು. ವೈದ್ಯರು ಪಕ್ಕದಲ್ಲಿರುತ್ತಾರೆ, ಸತ್ವದ ಪ್ರಮಾಣ ಮಿಲಿಗ್ರಾಮಿನ ಲೆಕ್ಕದಲ್ಲಿರುತ್ತದೆ. ಕೊಡೈಕಾನಲ್ ಬೆಟ್ಟದಲ್ಲಿ ಕಿತ್ತ ಅಣಬೆಗೆ ಯಾವ ಪ್ರಮಾಣವುಂಟು? ಯಾವುದರಲ್ಲಿ ಸತ್ವವಿದೆ, ಯಾವುದರಲ್ಲಿ ವಿಷವಿದೆಯೆಂದು ಹೇಳುವವರಾರು? ನಮ್ಮ ದೇಶದಲ್ಲಿ 1985ರ ಮಾದಕದ್ರವ್ಯಗಳ ಕಾಯಿದೆಯ ಪ್ರಕಾರ ಸಿಲೋಸೈಬಿನ್ ನಿಷಿದ್ಧವಾದುದು. ಗಾಂಜಾ ಇಟ್ಟುಕೊಳ್ಳುವುದೂ ಅಪರಾಧವೇ. ಕಾಯಿದೆಯ ಮಾತು ಹಾಗಿರಲಿ. ಬೀದಿಯ ಗಾಂಜಾದಲ್ಲಿರುವುದು ಶುದ್ಧ ಕ್ಯಾನಬಿಡಿಯಾಲಲ್ಲ, ಅಮಲನ್ನೇರಿಸುವ ಇನ್ನೊಂದು ಸತ್ವವೂ ಅದರಲ್ಲಿದೆ. ಬೆಳೆಯುವ ಮಿದುಳಿಗೆ ಅದು ಹಾನಿಕರ. ಇಂಥ ಮಕ್ಕಳಲ್ಲಿ ಅಪಸ್ಮಾರವೂ ಹೆಚ್ಚಾಗಿ ಕಾಣುವುದರಿಂದ ಕಂಡ ದ್ರವ್ಯವನ್ನು ಕೊಡುವುದು ಬೆಂಕಿಯೊಡನೆ ಸರಸ.

ಮಿದುಳಿನ ಚಿತ್ರಗಳಿಗೂ ಒಂದು ಕೊರತೆಯಿದೆ. ಗದ್ದಲದ ಯಂತ್ರದೊಳಗೆ ತಲೆಯನ್ನು ಅಲುಗಿಸದೆ ಬಹಳ ಹೊತ್ತು ಮಲಗಬೇಕು. ತಲೆ ಒಂದಿಷ್ಟು ಅಲುಗಿದರೂ ಮಿದುಳಿನ ಭಾಗಗಳ ನಡುವಣ ಸಂಬಂಧ ಕಡಿಮೆಯಾಗಿರುವಂತೆ ಚಿತ್ರದಲ್ಲಿ ಸುಳ್ಳಾಗಿ ತೋರಬಹುದೆಂದು 2012ರಲ್ಲಿ ಒಂದಕ್ಕಿಂತ ಹೆಚ್ಚು ಸಂಶೋಧಕರ ತಂಡಗಳು ತೋರಿಸಿಕೊಟ್ಟವು. ಅದಕ್ಕೆ ಮೊದಲು ಸ್ವಲೀನತೆಯ ಲಕ್ಷಣವೆಂದು ಬರೆದಿದ್ದ ಕೆಲವನ್ನು ಮರಳಿ ಪರಿಶೀಲಿಸಬೇಕಾಯಿತು. ನನ್ನ ಮೊಮ್ಮಗನಂಥ ಮಗು ಆ ಯಂತ್ರದಲ್ಲಿ ಅಲುಗದೆ ಮಲಗುವುದು ಸಾಧ್ಯವೆ? ಆದುದರಿಂದ ಈ ಚಿತ್ರಗಳಲ್ಲಿ ಇರುವವರು ಬಹುಮಟ್ಟಿಗೆ ಮಾತು ಬಲ್ಲ ವಯಸ್ಕರು. ಹೆಚ್ಚಿನ ನೆರವು ಬೇಕಾದ ಮಕ್ಕಳೇ ಚಿತ್ರದಿಂದ ಹೊರಗೆ ಉಳಿದಿದ್ದಾರೆ.

ಹಾಗಾದರೆ ವಿಜ್ಞಾನವು ನಮಗೆ ಕೊಟ್ಟುದೇನೂ ಇಲ್ಲವೇ ಎಂದು ಕೇಳಬಹುದು. ಉಂಟು. ಸ್ವಲೀನತೆಯ ಮೂಲಲಕ್ಷಣಗಳನ್ನು ಕಳೆಯುವುದೆಂದು ದೃಢಪಟ್ಟ ಔಷಧ ಯಾವುದೂ ಇಲ್ಲ. ಮಗು ತನ್ನನ್ನು ತಾನೇ ಹೊಡೆದುಕೊಳ್ಳುವಂಥ ತೀವ್ರ ಉದ್ರೇಕಕ್ಕೆ ರಿಸ್ಪೆರಿಡೋನ್ ಮುಂತಾದ ಔಷಧವನ್ನು ವೈದ್ಯರು ಕೊಡುವುದುಂಟು. ಅದರಿಂದ ಮೈ ದಪ್ಪವಾಗುವುದು, ತೂಕಡಿಕೆ ಮೊದಲಾದ ತೊಂದರೆಗಳೂ ಉಂಟು. ವೈದ್ಯರು ಬರೆದುಕೊಟ್ಟುದನ್ನು ನಾವಾಗಿಯೇ ಥಟ್ಟನೆ ನಿಲ್ಲಿಸಕೂಡದು. 2009ರಲ್ಲಿ ಅಮೆರಿಕದಲ್ಲಿ 149 ಮಕ್ಕಳಿಗೆ ಸೆರೊಟೋನಿನ್ ಸಂಬಂಧದ ಸಿಟಾಲೊಪ್ರಾಮ್ ಔಷಧವನ್ನು ಪರೀಕ್ಷಿಸಿದಾಗ, ಔಷಧ ಪಡೆದವರಲ್ಲಿಯೂ ಹುಸಿಮದ್ದು ಪಡೆದವರಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಸುಧಾರಿಸಿದಂತೆ ಕಂಡಿತು. ಏನನ್ನೂ ಕೊಡದಿದ್ದರೂ ನಮ್ಮ ಆಸೆಯ ಕಣ್ಣಿಗೆ ಗುಣ ಕಾಣುತ್ತದೆ! 'ಅವರ ಮಗುವಿಗೆ ವಾಸಿಯಾಯಿತಂತೆ' ಎಂಬ ಮಾತನ್ನು ಕೇಳಿದಾಗಲೆಲ್ಲ ಈ ಲೆಕ್ಕ ನೆನಪಿರಲಿ.

ಇನ್ನು ಈ ಸಂಘಕ್ಕೆ ನೇರವಾಗಿ ತಟ್ಟುವ ಮಾತು. ನಾವು ಕಂಬಂ ಕಣಿವೆಯ ಒಕ್ಕಲಿಗರಾಗಲಿ, ಅನುಪ್ಪರಾಗಲಿ, ದಿಂಡಿಗಲ್ಲಿನ ಕಡೆಯ ದೇವಾಂಗ ನೇಕಾರರಾಗಲಿ, ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಎಂದು ಬಾಳಿದವರು. ನಮ್ಮ ಮೊಮ್ಮಗನಿಗೆ ಮೂರು ವರ್ಷವಾಗಿದ್ದಾಗ ತಜ್ಞರೊಬ್ಬರು ನನ್ನ ಮಗಳಿಗೆ, "ಮನೆಯ ಭಾಷೆಯನ್ನು ಬಿಟ್ಟುಬಿಡಿ, ಎರಡು ಭಾಷೆಯಿಂದ ಮಗುವಿನ ತಲೆ ಗೊಂದಲವಾಗುತ್ತದೆ" ಎಂದು ಉಪದೇಶಿಸಿದರು. ಅವಳು ಭಯದಿಂದ ಹಾಗೆಯೇ ನಡೆದಳು. ಫಲವೇನಾಯಿತು? ತಾಯಿಗೆ ಲಾಲಿಸುವ ಮಾತು ಮರೆಯಿತು. ಅಜ್ಜಿ ಮಗುವಿನ ಮುಂದೆ ಮೂಕಳಾದಳು. ಮಾತು ಕಡಿಮೆಯಿದ್ದ ಮಗುವಿನ ಸುತ್ತ ಇದ್ದ ಮಾತುಗಳೂ ಕಡಿಮೆಯಾದವು.

ಸಂಶೋಧನೆ ಹೇಳುವುದು ಬೇರೆ. ಎರಡು ಭಾಷೆಗಳ ನಡುವೆ ಬೆಳೆದ ಸ್ವಲೀನತೆಯ ಮಕ್ಕಳನ್ನು ಒಂದೇ ಭಾಷೆಯವರೊಡನೆ ಹೋಲಿಸಿ ಹ್ಯಾಂಬ್ಲಿ ಮತ್ತು ಫೋಂಬೋನ್ ಎಂಬವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳಿಂದ ಮಾತಿಗೆ ಹೆಚ್ಚಿನ ವಿಳಂಬವಾದುದು ಕಾಣಲಿಲ್ಲ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತಾಯ್ತಂದೆಯರಿಗೆ ಮಗುವಿನೊಡನೆ ಆಡುವ, ಮಗುವಿನ ಗಮನವನ್ನು ಅನುಸರಿಸಿ ಮಾತನಾಡುವ ಕ್ರಮವನ್ನು ಕಲಿಸಿದರು. ತಾಯ್ತಂದೆಯರ ಸ್ಪಂದನ ಮಗುವಿಗೆ ಹೆಚ್ಚು ಹೊಂದಿಕೊಂಡಿತು. ಮಗು ತಾನಾಗಿ ಸಂಪರ್ಕವನ್ನು ಆರಂಭಿಸುವುದೂ ಹೆಚ್ಚಿತು. ಎಲ್ಲ ಅಳತೆಗಳಲ್ಲಿಯೂ ಲಾಭವಾಯಿತೆಂದಲ್ಲ. ಆದರೂ ಇದಕ್ಕೆ ಬೇಕಾದುದು ಲಂಡನ್ನಿನ ಯಂತ್ರವಲ್ಲ, ಬೆಟ್ಟದ ಅಣಬೆಯಲ್ಲ; ತಾಯಿಯ ಸಹಜವಾದ ಮಾತು. ನಮ್ಮ ಮನೆಗಳಲ್ಲಿ ಆ ಮಾತು ಕನ್ನಡವೇ.

ಕೊನೆಗೆ ಕೆಲವು ಸೂಚನೆಗಳು. ಮಗು ಹೆಸರು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ಹೋದರೆ, 'ಹುಡುಗರು ತಡವಾಗಿ ಮಾತನಾಡುತ್ತಾರೆ' ಎಂದು ಕಾಯಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಏರ್ಪಾಡಿದೆ. ಅಂಗನವಾಡಿಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ವಲೀನತೆಯೂ ಸೇರಿದೆ. ಪ್ರಮಾಣಪತ್ರ ಪಡೆಯಲು ನಾಚಬೇಕಾಗಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಎನಿಸಿದ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಒಂದು ವಿಭಾಗವಿದೆ. ದಣಿದ ತಾಯ್ತಂದೆಯರು ಮನಸ್ಸಿನ ಭಾರವನ್ನು ಹೇಳಿಕೊಳ್ಳಲು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ದೂರವಾಣಿ 14416. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡಬಹುದು.

ಯಾರಾದರೂ ಹೊಸ ಮದ್ದಿನ ಸುದ್ದಿ ತಂದರೆ ನಾಲ್ಕು ಪ್ರಶ್ನೆಗಳನ್ನು ಕೇಳಿ. ಎಷ್ಟು ಮಂದಿಗೆ ಕೊಟ್ಟರು? ಅವರು ಮಕ್ಕಳೋ ವಯಸ್ಕರೋ? ಹುಸಿಮದ್ದಿನೊಡನೆ ಹೋಲಿಸಿದರೇ? ಬದಲಾದುದು ಯಂತ್ರದ ಚಿತ್ರವೋ, ಮಗುವಿನ ಬದುಕೋ? ನನ್ನ ಬಂಧುವಿಗೆ ಇವನ್ನೇ ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಇಷ್ಟು ಯೋಚಿಸಿರಲಿಲ್ಲ ಮಾವಾ" ಎಂದರು. ಈಗ ವಾರಕ್ಕೊಮ್ಮೆ ಬಂದು ಹುಡುಗನನ್ನು ಕಾಲುವೆಯ ದಡಕ್ಕೆ ಕರೆದುಕೊಂಡು ಹೋಗುವವರು ಅವರೇ.

ನಮ್ಮ ಮನೆಯಲ್ಲಿ ಕನ್ನಡ ಮರಳಿ ಬಂದು ಎರಡು ವರ್ಷವಾಯಿತು. ಹುಡುಗನಿಗೆ ಹರಿಯುವ ನೀರನ್ನು ನೋಡುವುದರಲ್ಲಿ ಮುಗಿಯದ ಆನಂದ. ಕಳೆದ ಜೂನ್ ತಿಂಗಳಲ್ಲಿ ಕಾಲುವೆಗೆ ನೀರು ಬಿಟ್ಟ ದಿನ ಅವನು ನನ್ನ ಬೆರಳನ್ನು ಹಿಡಿದೆಳೆದು, "ತಾತ, ನೀರು ಬಂತು" ಎಂದನು. ಇದು ಕನ್ನಡದಿಂದಲೇ ಆಯಿತೆಂದು ನಾನು ಸಾಧಿಸಲಾರೆ. ಒಂದು ಮಗುವಿನ ಮಾತಿನಿಂದ ಸಿದ್ಧಾಂತ ಕಟ್ಟಬಾರದೆಂದು ಈಗತಾನೆ ತಮಗೆ ಹೇಳಿದವನು ನಾನು. ಆದರೆ ಆ ಮಾತು ಕನ್ನಡದಲ್ಲಿ ಬಂದಿತು. ಅದನ್ನು ಕೇಳಿ ಉತ್ತರ ಕೊಡಲು ಮನೆಯವರೆಲ್ಲರೂ ಇದ್ದರು.

ನಮ್ಮ ಸಂಘವು ಕನ್ನಡವನ್ನು ಉಳಿಸಬೇಕೆಂದು ವರ್ಷವರ್ಷವೂ ಸಂಕಲ್ಪ ಮಾಡುತ್ತದೆ. ಈ ವರ್ಷ ಅದಕ್ಕೊಂದು ಸಣ್ಣ ಮಾತನ್ನು ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ: ಇಂಥ ಮಕ್ಕಳಿರುವ ಕುಟುಂಬಗಳು ನಮ್ಮ ಸಭೆ ಸಮಾರಂಭಗಳಿಗೆ ಸಂಕೋಚವಿಲ್ಲದೆ ಬರುವಂತಾಗಲಿ. ಮಗು ಕೂಗಿದರೆ, ಓಡಿದರೆ, ಯಾರೂ ತಿರುಗಿ ನೋಡದಿರಲಿ.